ಅಕ್ಕನ ದಿಬ್ಬ

ನೈಲ್ ನದಿ ಕಡಲು ಸೇರುವ ಮೊದಲು ಕವಲೊಡೆದು ಹರಡಿಕೊಳ್ಳುವ ಬಯಲಿನ ಪೂರ್ವದ ಅಂಚಿನಲ್ಲಿ, ಭತ್ತದ ಗದ್ದೆಗಳ ನಡುವೆ, ಕಂದುಬಣ್ಣದ ಒಂದು ದಿಬ್ಬವಿದೆ. ದೂರದಿಂದ ನೋಡಿದರೆ ಯಾರೋ ಗಾಡಿಗಟ್ಟಲೆ ಮಣ್ಣು ತಂದು ಸುರಿದು ಮರೆತುಹೋದಂತೆ ಕಾಣುತ್ತದೆ. ಹತ್ತಿರ ಹೋದರೆ ಕಾಲಡಿಯಲ್ಲಿ ಮಡಕೆಯ ಚೂರುಗಳು ಸದ್ದು ಮಾಡುತ್ತವೆ. ಸುತ್ತಲಿನ ಹಳ್ಳಿಯವರು ಇದನ್ನು ತೆಲ್ ಅಲ್-ಉಖ್ತ್ ಎಂದು ಕರೆಯುತ್ತಾರೆ. ಅವರ ಅರಬ್ಬಿಯಲ್ಲಿ ತೆಲ್ ಎಂದರೆ ದಿಬ್ಬ, ಉಖ್ತ್ ಎಂದರೆ ಒಡಹುಟ್ಟಿದವಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಕ್ಕನ ದಿಬ್ಬ. ಇಲ್ಲಿ ಪಿರಮಿಡ್ಡು ಇಲ್ಲ, ಬಣ್ಣದ ಚಿತ್ರಗಳಿರುವ ಗೋರಿಗಳಿಲ್ಲ. ಆದ್ದರಿಂದ ಪ್ರವಾಸಿಗರ ಬಸ್ಸುಗಳು ಇತ್ತ ತಿರುಗುವುದು ಅಪರೂಪ. ಹೇಗೋ ಬಂದು ಸೇರಿದವರು ಮೊದಲು ಕೇಳುವ ಮಾತು ಒಂದೇ: ಯಾರ ಅಕ್ಕ? ಹಾಗೆ ಕೇಳಿದವರನ್ನು ಊರಿನ ಹಿರಿಯರು ಖರ್ಜೂರದ ಮರದ ನೆರಳಿನಲ್ಲಿ ಕೂರಿಸಿ, ಕಪ್ಪು ಚಹಾ ಕೊಟ್ಟು, ನಡೆದದ್ದನ್ನು ಹೇಳುತ್ತಾರೆ.

ಹಿಂದೆ ಒಮ್ಮೆ ಈಜಿಪ್ಟಿನಲ್ಲಿ ಇಬ್ಬರು ದೊರೆಗಳಿದ್ದರು. ಪೂರ್ವದ ಮರಳುಗಾಡಿನ ಆಚೆಯಿಂದ ಬಂದವರು ನದೀಮುಖದ ಫಲವತ್ತಾದ ನೆಲವನ್ನೆಲ್ಲ ಹಿಡಿದು ಉತ್ತರದಲ್ಲಿ ಆಳುತ್ತಿದ್ದರು. ಕುದುರೆಯನ್ನೂ ಎರಡು ಗಾಲಿಯ ರಥವನ್ನೂ ತಂದವರು ಅವರೇ. ಆ ನಾಡಿನವರು ಅವರನ್ನು ಹಿಕ್ಸೋಸ್, ಅಂದರೆ ಪರನಾಡಿನ ದೊರೆಗಳು, ಎನ್ನುತ್ತಿದ್ದರು. ದಕ್ಷಿಣದಲ್ಲಿ ಹಳೆಯ ವಂಶದ ಅರಸನೊಬ್ಬ ಉಳಿದಿದ್ದನಾದರೂ ಅವನು ವರ್ಷವರ್ಷವೂ ಉತ್ತರಕ್ಕೆ ಕಪ್ಪ ಕಳುಹಿಸಬೇಕಾಗಿತ್ತು. ದಕ್ಷಿಣದ ಗೆಬ್ತು ಎಂಬ ಪಟ್ಟಣ ನಾರುಬಟ್ಟೆಗೆ ಹೆಸರಾದದ್ದು. ಅಗಸೆಯ ನಾರನ್ನು ಕೂದಲೆಳೆಯಂತೆ ನೂತು, ನೀರಿನಂತೆ ಜಾರುವ ಬಟ್ಟೆ ನೇಯುವ ಹೆಂಗಸರು ಅಲ್ಲಿದ್ದರು. ಅವರಲ್ಲಿ ಹೆನುತೆ ಎಂಬ ವಿಧವೆಯೂ ಒಬ್ಬಳು. ಅವಳಿಗೆ ಕೆಮಿ ಎಂಬ ಮಗಳು, ನಖ್ತ ಎಂಬ ಚಿಕ್ಕ ಮಗ. ಒಂದು ವರ್ಷ ನದಿಗೆ ಸರಿಯಾಗಿ ನೆರೆ ಬರಲಿಲ್ಲ, ಅಗಸೆ ಬೆಳೆಯಲಿಲ್ಲ, ಕಪ್ಪದ ಬಟ್ಟೆ ಕಡಿಮೆಯಾಯಿತು. ಉತ್ತರದ ದೋಣಿಗಳು ಬಂದಾಗ, ಬಟ್ಟೆ ಇಲ್ಲದಿದ್ದರೆ ನೇಯುವವರನ್ನೇ ಕೊಡಿ ಎಂದರು. ಹರೆಯದ ಹುಡುಗಿಯರನ್ನು ಆರಿಸಿ ದೋಣಿ ಹತ್ತಿಸಿದರು. ಕೆಮಿ ಅವರಲ್ಲಿ ಒಬ್ಬಳಾದಳು. ತಮ್ಮ ಅವಳ ಉಡುಗೆಯ ಅಂಚನ್ನು ಹಿಡಿದುಕೊಂಡು ನೀರಿಗೇ ಇಳಿದಿದ್ದ. ಬಿಡಿಸಲು ಬಂದ ಸೈನಿಕನ ಕೈ ಕಚ್ಚಿದ್ದ. ದೋಣಿ ತಿರುವಿನಲ್ಲಿ ಮರೆಯಾಗುವವರೆಗೂ ದಡದ ಮೇಲೆ ತಾಯಿ ಕೈ ಎತ್ತಿ ನಿಂತೇ ಇದ್ದಳು.

ಕೆಮಿಯನ್ನು ಕರೆತಂದದ್ದು ಇದೇ ದಿಬ್ಬದ ಪಕ್ಕದಲ್ಲಿದ್ದ ಕೋಟೆಗೆ. ಅದು ದೊಡ್ಡ ಕೋಟೆಯೇನಲ್ಲ. ಕಾಲುವೆಯನ್ನೂ ಪೂರ್ವದ ದಾರಿಯನ್ನೂ ಕಾಯಲು ಹಸಿ ಇಟ್ಟಿಗೆಯಲ್ಲಿ ಕಟ್ಟಿದ ಗಡಿಠಾಣೆ. ಸೈನಿಕರು, ಅವರ ಸಂಸಾರಗಳು, ರಥ ಮಾಡುವವರು, ರೊಟ್ಟಿ ಸುಡುವವರು ಒಳಗೆ ಒತ್ತೊತ್ತಾಗಿ ಬದುಕಿದ್ದರು. ಬಂದ ಹೊಸದರಲ್ಲಿ ಕೆಮಿಗೆ ಅವರ ಮಾತು ತಿಳಿಯುತ್ತಿರಲಿಲ್ಲ, ಅಲ್ಲಿಯ ಊಟ ಸೇರುತ್ತಿರಲಿಲ್ಲ. ನೇಯ್ಗೆಯ ಮನೆಯನ್ನು ನೋಡಿಕೊಳ್ಳುತ್ತಿದ್ದ ಅದೂತು ಎಂಬ ಪರನಾಡಿನ ಹೆಂಗಸು ಒಂದು ದಿನ ಅವಳ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಪಕ್ಕದ ಮನೆಯ ಈಜಿಪ್ಟಿನವಳ ಹತ್ತಿರ ದಕ್ಷಿಣದವರು ಉಣ್ಣುವ ಹಾಗೆ ಬೇಳೆ ಬೇಯಿಸುವುದನ್ನು ಕೇಳಿ ಕಲಿತು, ಬೇಯಿಸಿ ತಂದಿಟ್ಟಳು. ಉಪ್ಪು ಹೆಚ್ಚಾಗಿತ್ತು. ಕೆಮಿ ಅಳುತ್ತಲೇ ಅಷ್ಟನ್ನೂ ಉಂಡಳು. ಕಾಲ ಕಳೆದಂತೆ ಅದೂತುವಿನ ಮಗ ಅಬಿಲು, ರಥದ ಗಾಲಿ ಮಾಡುವವನು, ಅವಳ ಕೈಹಿಡಿದ. ಇಬ್ಬರು ಹೆಣ್ಣುಮಕ್ಕಳಾದರು. ಕನಸಿನಲ್ಲಿ ಗೆಬ್ತುವಿನ ದಡ ಬರುತ್ತಿತ್ತಾದರೂ ಎದ್ದಾಗ ನೆನಪಾಗುತ್ತಿದ್ದುದು ಮಕ್ಕಳ ಗಂಜಿ, ಅತ್ತೆಯ ಮಂಡಿನೋವು.

ಹೀಗಿರುವಾಗ ದಕ್ಷಿಣದ ಅರಸ ಇನ್ನು ಕಪ್ಪ ಕೊಡುವುದಿಲ್ಲ ಎಂದು ಎದ್ದುನಿಂತ. ಅವನ ದೋಣಿಗಳು ನದಿಯ ಗುಂಟ ಇಳಿದು ಬಂದವು. ಒಂದೊಂದೇ ಪಟ್ಟಣ ಬಿದ್ದ ಸುದ್ದಿ ಕೋಟೆಗೆ ಮುಟ್ಟುತ್ತಿತ್ತು. ಇಂಥ ಊರಿನಲ್ಲಿ ಪರನಾಡಿನವರನ್ನೆಲ್ಲ ಕಡಿದರಂತೆ, ಇಂಥ ಊರಿನಲ್ಲಿ ಕಟ್ಟಿ ಆಳುಗಳನ್ನಾಗಿ ಹಂಚಿಕೊಂಡರಂತೆ ಎಂಬ ಮಾತುಗಳು. ಪರನಾಡಿನವರೆಂದರೆ ಯಾರು? ಅಬಿಲು ಹುಟ್ಟಿದ್ದು ಈ ಕೋಟೆಯಲ್ಲೇ, ಅವನ ಅಪ್ಪ ಹುಟ್ಟಿದ್ದೂ ಇಲ್ಲೇ. ಆದರೆ ಕೊಡಲಿ ಹಿಡಿದವನು ಅದನ್ನೆಲ್ಲ ಕೇಳುತ್ತಾನೆಯೇ. ಕೊನೆಗೆ ಒಂದು ಬೇಸಿಗೆಯಲ್ಲಿ ದಕ್ಷಿಣದ ಒಂದು ದಳ ಬಂದು ಕೋಟೆಯನ್ನು ಸುತ್ತುವರಿಯಿತು. ಅವರು ಮೊದಲು ಮಾಡಿದ ಕೆಲಸ ಕಾಲುವೆಗೆ ಮಣ್ಣು ಹಾಕಿ ನೀರನ್ನು ಬೇರೆ ಕಡೆಗೆ ತಿರುಗಿಸಿದ್ದು. ಒಳಗಿನ ಬಾವಿಯ ನೀರು ದಿನದಿನಕ್ಕೂ ಇಳಿದು ಕೆಸರಾಯಿತು. ಹಸುಗೂಸುಗಳು ಅಳುವುದನ್ನು ಬಿಟ್ಟವು. ತಾಯಂದಿರಿಗೆ ಅಳುವಿಗಿಂತ ಆ ಸುಮ್ಮನಿರುವಿಕೆಯೇ ಹೆಚ್ಚು ಭಯವಾಯಿತು.

ಒಂದು ಬೆಳಿಗ್ಗೆ ದಕ್ಷಿಣದ ಸಾರುವವನು ಗೋಡೆಯ ಕೆಳಗೆ ಬಂದು ನಿಂತ. ಅವರ ಪದ್ಧತಿಯಂತೆ ತನ್ನ ದಳಪತಿಯ ಹೆಸರನ್ನು ತಾಯಿಯ ಹೆಸರಿನೊಡನೆ ಕೂಗಿದ. "ಗೆಬ್ತುವಿನ ಹೆನುತೆಯ ಮಗ ನಖ್ತ ಹೇಳುತ್ತಾನೆ. ಹೊತ್ತು ಮುಳುಗುವುದರೊಳಗೆ ಬಾಗಿಲು ತೆಗೆದರೆ ಆಳುಗಳಾಗಿ ಬದುಕುವಿರಿ. ತೆಗೆಯದಿದ್ದರೆ ನಾಳೆ ಇಲ್ಲಿ ಉಸಿರಾಡುವವರು ಯಾರೂ ಇರುವುದಿಲ್ಲ." ಗೋಡೆಯ ಹತ್ತಿರ ಮಗಳ ಬಾಯಿಗೆ ಒದ್ದೆ ಬಟ್ಟೆ ಹಿಂಡುತ್ತಿದ್ದ ಕೆಮಿಯ ಕೈ ನಿಂತುಹೋಯಿತು. ತಾಯಿಯ ಹೆಸರನ್ನು ಬೇರೊಬ್ಬರ ಬಾಯಲ್ಲಿ ಕೇಳಿ ಎಷ್ಟು ವರ್ಷಗಳಾಗಿದ್ದವು.

ಕೋಟೆಯ ನಾಯಕ ಯಾಮು ಎಂಬವನು ಒರಟ. ಯಾರಿಗೂ ತಲೆಬಾಗಿದವನಲ್ಲ, ಯಾರನ್ನೂ ನಂಬಿದವನೂ ಅಲ್ಲ. ಕೆಮಿ ಅವನ ಮುಂದೆ ಹೋಗಿ, ಹೊರಗಿರುವವನು ತನ್ನ ತಮ್ಮ, ತನ್ನನ್ನು ಮಾತಾಡಲು ಬಿಡಬೇಕು ಎಂದಾಗ ಅವನು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ನೀನು ಅವರ ಊರಿನವಳು. ಹೋದರೆ ಹಿಂದಿರುಗುತ್ತೀಯೆ ಎಂದು ಯಾರು ನಂಬಬೇಕು?" ಎಂದ.

"ನನ್ನ ಮಕ್ಕಳು ಇಲ್ಲಿದ್ದಾರೆ, ನಾಯಕರೇ."

"ಹಾಗಾದರೆ ಅವರು ನನ್ನ ಪಕ್ಕದಲ್ಲಿ, ಗೋಡೆಯ ಮೇಲೆ ನಿಂತಿರುತ್ತಾರೆ."

ಅಬಿಲು ಮುಂದೆ ನುಗ್ಗಿದ. ಅದೂತು ಮಗನ ತೋಳು ಹಿಡಿದು ನಿಲ್ಲಿಸಿದಳು. ಸೊಸೆಯ ಕೆದರಿದ ಕೂದಲನ್ನು ಬೆರಳಿನಿಂದಲೇ ಬಾಚಿ, "ಹೋಗಿ ಬಾ ಮಗಳೇ" ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ಮಕ್ಕಳ ಜೊತೆಗೆ ನಾನೂ ಗೋಡೆಯ ಮೇಲೆ ನಿಂತಿರುತ್ತೇನೆ. ಏನೇ ಆಗಲಿ, ತವರಿನ ಮುಖ ಒಂದು ಸಲ ನೋಡಿದ ಹಾಗಾದರೂ ಆಗುತ್ತದೆ" ಎಂದಳು.

ಬಾಗಿಲನ್ನು ಒಬ್ಬರು ನುಸುಳುವಷ್ಟು ತೆರೆದರು. ಕೆಮಿ ಬರಿಗಾಲಿನಲ್ಲಿ ಹೊರಬಂದು, ಕೋಟೆಗೂ ಶಿಬಿರಕ್ಕೂ ನಡುವೆ ಇದ್ದ ಈ ದಿಬ್ಬವನ್ನು ಹತ್ತಿದಳು. ಎರಡೂ ಕಡೆಯ ಬಿಲ್ಲುಗಳು ತನ್ನ ಮೇಲೆಯೇ ಇವೆ ಎಂದು ಅವಳಿಗೆ ಗೊತ್ತಿತ್ತು. ಆ ಕಡೆಯಿಂದ ದಳಪತಿ ಬಂದ. ಎತ್ತರದ ಆಳು, ಎದೆಯ ಮೇಲೆ ಗಾಯದ ಗೆರೆ. ಅವನ ಹಿಂದೆ ಇಬು ಎಂಬ ಹಿರಿಯ ಸೈನಿಕ ಕೊಡಲಿ ಹಿಡಿದು ನಿಂತ. ಇಬುವಿನ ಒಡಹುಟ್ಟಿದವನು ಕಳೆದ ತಿಂಗಳು ಈ ಕೋಟೆಯವರ ಬಾಣ ತಾಗಿ ಸತ್ತಿದ್ದ. ದಳಪತಿಯ ಮುಖದಲ್ಲಿ ಕೆಮಿ ತನ್ನ ತಮ್ಮನನ್ನು ಹುಡುಕಿದಳು. ಮೂಗಿನ ಹತ್ತಿರ ಅವ್ವನ ಛಾಯೆ ಕಂಡಿತು. ಎಷ್ಟೋ ಕಾಲದಿಂದ ಆಡದ ದಕ್ಷಿಣದ ಮಾತು ಅವಳ ನಾಲಿಗೆಯಲ್ಲಿ ತೊಡರಿತು.

"ನಖ್ತ, ನಾನು ಕೆಮಿ" ಎಂದಳು.

ಅವನು ಕದಲಲಿಲ್ಲ. "ಅಕ್ಕನ ಹೆಸರು ಹೇಳಿಕೊಂಡು ಬಂದವರಲ್ಲಿ ನೀನೇ ಮೊದಲಲ್ಲ. ಹಿಂದಿನ ಪಟ್ಟಣದಲ್ಲೂ ಒಬ್ಬಳು ಬಂದಿದ್ದಳು" ಎಂದ. ನಿಜವೂ ಆಗಿತ್ತು. ದಳಪತಿ ತನ್ನ ಅಕ್ಕನನ್ನು ಹುಡುಕುತ್ತಿದ್ದಾನೆಂಬ ಸುದ್ದಿ ಅವನಿಗಿಂತ ಮುಂದೆ ಓಡುತ್ತಿತ್ತು.

ಕೆಮಿ ಅವನ ಹಿಂದೆ ನಿಂತ ಸೈನಿಕರಿಗೂ ಕೇಳಿಸುವಂತೆ ಹೇಳಿದಳು: "ನಮ್ಮ ಅಂಗಳದಲ್ಲಿ ಅವ್ವ ನೆಲಕ್ಕೆ ಗೂಟ ಬಡಿದು ಮಗ್ಗ ಹೂಡುತ್ತಿದ್ದಳು. ಒಂದು ದಿನ ಪಕ್ಕದ ಮನೆಯ ಬಾತುಕೋಳಿ ಅಟ್ಟಿಸಿಕೊಂಡು ಬಂತೆಂದು ನೀನು ಓಡಿಬಂದು ಮಗ್ಗಕ್ಕೆ ಹಾಸಿದ್ದ ಎಳೆಗಳ ಮೇಲೆ ಬಿದ್ದೆ. ಕೈಕಾಲೆಲ್ಲ ನೂಲಿನಲ್ಲಿ ಸಿಕ್ಕಿಕೊಂಡವು. ಬಾತುಕೋಳಿ ನಿನ್ನ ಬೆನ್ನ ಮೇಲೆ ಹತ್ತಿ ನಿಂತಿತು. ಎಳೆ ಹರಿದದ್ದು ನಾನೇ ಎಂದು ಹೇಳಿ ಅವ್ವನ ಏಟು ನಾನು ತಿಂದೆ. ನೀನು ಆ ರಾತ್ರಿ ನಿನ್ನ ಪಾಲಿನ ಖರ್ಜೂರ ತಂದು ನನ್ನ ಕೈಯಲ್ಲಿಟ್ಟೆ. ಅದನ್ನೂ ನೀನು ಅರ್ಧ ಕಚ್ಚಿದ್ದೆ."

ಸೈನಿಕರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ನಖ್ತನ ಮುಖದ ಬಿಗಿ ಒಂದೊಂದೇ ಗಂಟು ಬಿಚ್ಚಿದಂತೆ ಸಡಿಲವಾಯಿತು. ಅವನು ಅಕ್ಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡ. ಅವಳು, "ಅವ್ವ?" ಎಂದಳು.

"ಹೋದಳಕ್ಕ. ಕಳೆದ ನೆರೆಗೆ ಮೊದಲು. ನೀನು ಹೋದಂದಿನಿಂದ ಉಣ್ಣಲು ಕೂತಾಗಲೆಲ್ಲ ಒಂದೇ ಮಾತು. ನನ್ನ ಮಗಳಿಗೆ ಬಡಿಸುವವರು ಯಾರಾದರೂ ಇದ್ದಾರೋ ಇಲ್ಲವೋ ಎನ್ನುತ್ತಿದ್ದಳು."

"ಇದ್ದರು" ಎಂದಳು ಕೆಮಿ. "ಈಗ ಆ ಗೋಡೆಯ ಒಳಗೆ ನೀರಿಲ್ಲದೆ ಕೂತಿದ್ದಾರೆ."

ನಖ್ತ ತಲೆಯೆತ್ತಿ ಗೋಡೆಯ ಕಡೆ ನೋಡಿದ. ಅಲ್ಲಿ ಒಬ್ಬ ಮುದುಕಿ, ಅವಳ ಎರಡು ಪಕ್ಕಗಳಲ್ಲಿ ಎರಡು ಪುಟ್ಟ ತಲೆಗಳು ಕಂಡವು. ಅಕ್ಕನನ್ನು ಬಿಡಿಸಿ ತರುತ್ತೇನೆಂದು ಅವನು ಕೊಡಲಿ ಹಿಡಿದದ್ದು. ಅವಳು ಎಲ್ಲಿಯೋ ಒಬ್ಬಂಟಿಯಾಗಿ, ಹಗ್ಗದಲ್ಲಿ ಕಟ್ಟಿದ ಹಾಗೆ ಬದುಕಿದ್ದಾಳೆಂದು ನೆನೆದೇ ಪ್ರತಿ ಯುದ್ಧದಲ್ಲೂ ಅವನ ಕೈ ಬೀಸಿತ್ತು. ಈಗ ಅವಳು ಎದುರಿಗಿದ್ದಾಳೆ, ಆದರೆ ಹೆಜ್ಜೆ ಅವನ ಕಡೆಗೆ ಬರುತ್ತಿಲ್ಲ. ಅವನಿಗಿದ್ದ ಅಪ್ಪಣೆ ಸ್ಪಷ್ಟವಾಗಿತ್ತು: ಕೋಟೆ ಕೈಗೆ ಬರಬೇಕು, ಪೂರ್ವದ ದಾರಿ ತೆರೆಯಬೇಕು, ಶತ್ರು ಉಳಿಯಬಾರದು. ಅವನು ಸ್ವಲ್ಪ ಹೊತ್ತು ದಿಬ್ಬದ ಮಣ್ಣನ್ನು ಕಾಲಿನಿಂದ ಕೆದಕಿದ. ಆಮೇಲೆ ತನ್ನವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಅಕ್ಕನ ಮನೆಯವರು ಶತ್ರುಗಳಲ್ಲ. ಆಯುಧ ಕೆಳಗಿಟ್ಟು ಬಂದ ಅವಳ ಮನೆಯವರ ಮೈಯನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಹೆನುತೆಯ ಮೇಲಾಣೆ" ಎಂದ. ಅಕ್ಕನ ಕಡೆ ತಿರುಗಿ, "ಹೋಗು, ನಿನ್ನ ಮನೆಯವರನ್ನು ಕರೆದುಕೊಂಡು ಬಾ" ಎಂದ.

ಕೆಮಿ ಓಡುತ್ತಲೇ ಒಳಗೆ ಬಂದಳು. ಮಕ್ಕಳನ್ನು ತಬ್ಬಿಕೊಂಡಳು. ಗಂಡನಿಗೆ ಗಂಟು ಕಟ್ಟು ಎಂದಳು. ಬಾವಿಯ ಸುತ್ತ ನೆರೆಹೊರೆಯವರೆಲ್ಲ ನಿಂತಿದ್ದರು. ಕೆಮಿ ಬಾಣಂತಿಜ್ವರದಲ್ಲಿ ಬಿದ್ದಿದ್ದಾಗ ಹಿರಿಯ ಮಗಳಿಗೆ ಹಾಲು ಕೊಟ್ಟು ಉಳಿಸಿದವಳು ಆ ಗುಂಪಿನಲ್ಲಿದ್ದಳು. ಅವಳು ಮುಂದೆ ಬಂದು ಆ ಮಗುವಿನ ಕೆನ್ನೆ ಸವರಿ ಹಿಂದೆ ಸರಿದಳು. ಕೆಮಿಯ ಕಾಲು ಅಲ್ಲಿಂದ ಮುಂದೆ ಏಳಲಿಲ್ಲ.

"ಏನೆಂದ ನಿನ್ನ ತಮ್ಮ? ಅವನ ಮಾತಿನಲ್ಲೇ ಹೇಳು" ಎಂದಳು ಅದೂತು.

"ನಿನ್ನ ಮನೆಯವರನ್ನು ಕರೆದುಕೊಂಡು ಬಾ ಎಂದ, ಅತ್ತೆ."

"ಮನೆ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದನೇ?"

"ಇಲ್ಲ."

"ಮತ್ತೆ?" ಎಂದು ಮುದುಕಿ ಬಾವಿಯ ಸುತ್ತ ನಿಂತವರ ಕಡೆಗೊಮ್ಮೆ ನೋಡಿದಳು.

ಯಾಮು ಒಪ್ಪಿ ಕೋಟೆಯ ಬಾಗಿಲನ್ನು ಮತ್ತೆ ತೆಗೆಸಿದಾಗ ಕೆಮಿ ಹೊಸ್ತಿಲ ಹೊರಗೆ ಬಂದು ನಿಂತಳು. ಆಚೆ ಬದಿಗೆ ನಖ್ತ, ಅವನ ಪಕ್ಕದಲ್ಲಿ ಇಬು. ಮೊದಲು ಅದೂತು ಬಂದಳು. "ನನ್ನ ಅತ್ತೆ" ಎಂದಳು ಕೆಮಿ. ನಖ್ತ ಬಾಗಿ ನಮಸ್ಕರಿಸಿದ. ಬಳಿಕ ಗಂಡ, ಮಕ್ಕಳು. ಅಷ್ಟಕ್ಕೆ ಮುಗಿಯಿತೆಂದು ನಖ್ತ ಅಂದುಕೊಳ್ಳುವಾಗ ಮತ್ತೊಬ್ಬ ಬಂದ. "ಮೈದುನ." ಅವನ ಹಿಂದೆ ಒಬ್ಬಳು. "ಓರಗಿತ್ತಿ." ಹಾಲು ಕೊಟ್ಟವಳು ಬಂದಳು. "ನನ್ನ ಮಗಳ ತಾಯಿ" ಎಂದು ಬಾಯಿಗೆ ಬಂದದ್ದನ್ನೇ ಹೇಳಿಬಿಟ್ಟಳು. ಆಮೇಲೆ ನಾದಿನಿ, ನಾದಿನಿಯ ಗಂಡ, ಚಿಕ್ಕಮಾವ, ಅವನ ಕುಂಟ ತಮ್ಮ, ಸೋದರತ್ತೆ, ಭಾವ, ಬೀಗರು, ಬೀಗರ ಬೀಗರು. ಒಬ್ಬೊಬ್ಬರೇ ಬಿಲ್ಲು ಈಟಿಗಳನ್ನು ಬಾಗಿಲ ಬಳಿ ಇಟ್ಟು, ಕೆಮಿ ತಮ್ಮನ್ನು ಏನೆಂದು ಕರೆಯುತ್ತಾಳೋ ಎಂದು ಅವಳ ಬಾಯಿಯನ್ನೇ ನೋಡುತ್ತ ಹೊರಬಂದರು. ಯಾರನ್ನು ಕಾಣುವಾಗಲೂ ಅವಳಿಗೆ ಒಂದು ನಂಟು ಸಿಕ್ಕಿತು. ಬರಬರುತ್ತ ಅವಳ ದನಿ ಗಟ್ಟಿಯಾಯಿತು. ನಖ್ತನ ಸೈನಿಕರು ಮೊದಲು ಹುಬ್ಬುಗಂಟಿಕ್ಕಿ ನೋಡುತ್ತಿದ್ದವರು, ಈಗ ಮುಂದಿನವನು ಏನಾಗಬಹುದು ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟತೊಡಗಿದರು.

ಇಬುವಿಗೆ ತಡೆಯಲಾಗಲಿಲ್ಲ. "ದಳಪತಿಗಳೇ, ಒಬ್ಬ ಹೆಂಗಸಿಗೆ ಇಷ್ಟು ನಂಟರಿರುತ್ತಾರೆಯೇ?" ಎಂದ.

ನಖ್ತನಿಗೆ ಎಲ್ಲವೂ ಅರ್ಥವಾಗಿತ್ತು. ಅವನು ಸಾಲಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದ: "ನನ್ನ ಅಕ್ಕ ಒಂಟಿಯಾಗಿದ್ದಾಳೆ ಎಂದುಕೊಂಡೇ ನಾನು ದೊಡ್ಡವನಾದೆ, ಇಬು. ಇಷ್ಟು ಜನ ಇದ್ದರೆಂದು ತಿಳಿದು ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇನ್ನೂ ಇದ್ದರೂ ಬರಲಿ."

ಕೊನೆಯವನಾಗಿ ಯಾಮು ಬಂದ. ಬಿಲ್ಲು ಇನ್ನೂ ಅವನ ಕೈಯಲ್ಲೇ ಇತ್ತು. ಅವನನ್ನು ಕಂಡದ್ದೇ ಇಬು ಕೊಡಲಿಯ ಹಿಡಿಯನ್ನು ಬದಲಿಸಿದ. ಈ ನಾಯಕನ ಬಿಲ್ಲಾಳುಗಳೇ ಅವನ ಒಡಹುಟ್ಟಿದವನನ್ನು ಕೊಂದದ್ದು. ಎಲ್ಲರೂ ಕೆಮಿಯ ಕಡೆ ನೋಡಿದರು. ಅವಳ ಬಾಯಿ ಈ ಒಂದು ಸಲ ಕಟ್ಟಿತು. ತನ್ನ ಮಕ್ಕಳನ್ನು ಗೋಡೆಯ ಮೇಲೆ ಒತ್ತೆಯಿಟ್ಟುಕೊಂಡವನು ಇವನು. ಅವಳು ಒಂದು ಮಾತು ಆಡದೆ ಸುಮ್ಮನಿದ್ದರೆ ಸಾಕು, ಇಬುವಿನ ಕೊಡಲಿ ಇಳಿಯುತ್ತಿತ್ತು. ಯಾಮುವೂ ಅದನ್ನು ಬಲ್ಲವನಂತೆ ಏನನ್ನೂ ಬೇಡದೆ ನಿಂತಿದ್ದ. ಅವನ ತುಟಿಗಳು ಒಡೆದು ರಕ್ತ ಒಸರಿ ಒಣಗಿದ್ದವು. ಬಾವಿಯಲ್ಲಿ ಉಳಿದ ನೀರನ್ನು ಕೂಸುಗಳಿಗೆ ಬಿಟ್ಟು ಅವನು ನೀರು ಮುಟ್ಟಿರಲಿಲ್ಲವೆಂಬುದು ಕೆಮಿಗೆ ಆಗ ಹೊಳೆಯಿತು.

"ಇವನು ನನ್ನ ಗಂಡನ ದಾಯಾದಿ" ಎಂದಳು.

"ದಾಯಾದಿಯೂ ಮನೆಯವನೇ?" ಎಂದ ಇಬು, ಹಲ್ಲು ಕಚ್ಚಿ.

"ಮನೆಯವನಲ್ಲದಿದ್ದರೆ ದಾಯಾದಿ ಹೇಗಾಗುತ್ತಾನಣ್ಣ? ಜಗಳ ಇರುವುದೇ ಮನೆಯೊಳಗಿನವರ ಜೊತೆ."

ಅವಳು ಅಣ್ಣ ಎಂದದ್ದು ಇಬುವಿನ ಕಿವಿಗೆ ಬಿದ್ದಿತು. ಅವನು ಅವಳನ್ನು ನೋಡಿದ, ಯಾಮುವನ್ನು ನೋಡಿದ, ಆಮೇಲೆ ಮುಖ ತಿರುಗಿಸಿ ಕೊಡಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಸತ್ತವನ ನೆನಪಿಗೆ ಅವನ ಕಣ್ಣು ತುಂಬಿತ್ತು. ಯಾಮು ಬಿಲ್ಲನ್ನು ನೆಲಕ್ಕಿಟ್ಟು, ಕೆಮಿಯ ಮುಂದೆ ತಲೆಬಾಗಿ ಹೊರಗೆ ನಡೆದ. ನಖ್ತ ಕೈಬೀಸಿದ. ಸೈನಿಕರು ಕಾಲುವೆಯ ಮಣ್ಣನ್ನು ಒಡೆದರು. ನೀರು ಬುಸುಗುಡುತ್ತ ಬಂದಾಗ ಕೋಟೆಯವರು ಬೊಗಸೆಯೊಡ್ಡುವಷ್ಟೂ ತಡೆಯಲಾರದೆ ಮೊಣಕಾಲೂರಿ ಬಾಯಿ ಹಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಒಂದು ಕೂಸು ಅತ್ತಿತು, ಮತ್ತೊಂದು ಅತ್ತಿತು. ಆ ಅಳು ಕೇಳಿ ಕೆಮಿ ಈ ದಿಬ್ಬದ ಮೇಲೆ ಕುಳಿತುಬಿಟ್ಟಳಂತೆ. ತಮ್ಮ ಬಂದು ಪಕ್ಕದಲ್ಲಿ ಕುಳಿತ. ಇಬ್ಬರೂ ನಗುತ್ತಿದ್ದರೋ ಅಳುತ್ತಿದ್ದರೋ ನೋಡಿದವರಿಗೆ ತಿಳಿಯಲಿಲ್ಲ ಎನ್ನುತ್ತಾರೆ.

ಕೆಲವು ದಿನಗಳ ಮೇಲೆ ಹಿರಿಯ ಸೇನಾಪತಿ ಬಂದ. ಕೊನೆಗೆ ಕಾಳಗವಿಲ್ಲದೆಯೇ ಕೋಟೆ ಕೈಸೇರಿದ್ದನ್ನೂ, ಪೂರ್ವದ ದಾರಿ ತೆರೆದಿರುವುದನ್ನೂ ನೋಡಿದ. ಬಿಡಾರಗಳಲ್ಲಿ ರೊಟ್ಟಿ ಸುಡುತ್ತಿದ್ದವರನ್ನು ತೋರಿಸಿ, ಇವರೆಲ್ಲ ಯಾರು ಎಂದು ಕೇಳಿದನಂತೆ. ಬೀಗರು, ಎಂದನಂತೆ ನಖ್ತ. ಸೇನಾಪತಿಗೆ ಬೇಕಾಗಿದ್ದದ್ದು ದಾರಿ, ಅವನು ಮತ್ತೆ ಕೇಳಲಿಲ್ಲ. ಯಾಮು ಹಾಗೂ ಅವನ ಜೊತೆಗಾರರು ಮರಳುಗಾಡು ದಾಟಿ ಪೂರ್ವಕ್ಕೆ ಹೋದರು. ಉಳಿದವರು ಇಲ್ಲೇ ನೆಲೆನಿಂತು ಉತ್ತು ಬಿತ್ತಿದರು. ಕೆಮಿ ಒಮ್ಮೆ ಗೆಬ್ತುವಿಗೆ ಹೋಗಿ ತಾಯಿಯ ಗೋರಿಗೆ ನೀರೆರೆದು, ನೆರೆ ಇಳಿದ ಮೇಲೆ ಅತ್ತೆಯ ಬಳಿಗೆ ಹಿಂದಿರುಗಿದಳು. ಕಾಲಕ್ರಮದಲ್ಲಿ ದಕ್ಷಿಣದ ಅರಸರು ಬರಿಯ ನಾಡನ್ನು ಮರಳಿ ಪಡೆದಷ್ಟಕ್ಕೆ ನಿಲ್ಲಲಿಲ್ಲ. ಪರನಾಡಿನವರಿಂದ ಕಲಿತ ರಥಗಳನ್ನೇರಿ ಪರನಾಡುಗಳನ್ನು ಗೆಲ್ಲಲು ಹೊರಟರು. ಆ ಸೈನ್ಯಗಳು ಈ ದಿಬ್ಬದ ಪಕ್ಕದಲ್ಲೇ ಹಾದುಹೋಗುವಾಗ, ಅಬಿಲು ಮಾಡಿದ ಗಾಲಿಗಳೂ ಅವುಗಳಲ್ಲಿ ಉರುಳುತ್ತಿದ್ದವು. ಮುದುಕಿ ಅದೂತು ಅಂಥ ದಿನಗಳಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಿರಲಿಲ್ಲ. ಆದರೂ ದಾರಿಯಲ್ಲಿ ಹೋಗುವ ಸೈನಿಕರು, ಅಕ್ಕನ ದಿಬ್ಬ ಬಂತು, ನೀರು ಸಿಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಹಾಗೆ ಹೆಸರು ನಿಂತಿತು. ಮುಂದೆ ಗ್ರೀಕರು ಬಂದರು, ರೋಮನರು ಬಂದರು, ಅರಬರು ಬಂದರು. ನಾಡಿನ ಮಾತೇ ಬದಲಾಯಿತು. ಬಂದವರೆಲ್ಲ ಆ ಹೆಸರನ್ನು ತಮ್ಮತಮ್ಮ ಮಾತಿಗೆ ತಿರುಗಿಸಿಕೊಂಡರೇ ಹೊರತು ಅಳಿಸಲಿಲ್ಲ.

ಇಂದು ಅಲ್ಲಿಗೆ ಹೋದವರಿಗೆ ಕೋಟೆಯೆಂದು ಕಾಣುವುದು ಅಷ್ಟಿಷ್ಟು. ಎದೆಯೆತ್ತರದ ಇಟ್ಟಿಗೆಯ ಗೋಡೆ, ಮಳೆಗಾಳಿಗೆ ಕರಗಿ ದುಂಡಗಾಗಿದೆ. ಬಾಗಿಲಿದ್ದ ಕಡೆ, ಒಬ್ಬರು ಮಾತ್ರ ನುಸುಳಬಹುದಾದ ಒಂದು ಸಂದು ಉಳಿದಿದೆ. ಸುತ್ತಲಿನ ಊರುಗಳಲ್ಲಿ ಮದುವೆಯಾದ ವಾರದಲ್ಲಿ ಹೊಸ ಸೊಸೆಯನ್ನು ಅಲ್ಲಿಗೆ ಕರೆತರುವ ವಾಡಿಕೆಯಿದೆ. ಅವಳು ಸಂದಿನ ಹೊರಗೆ ನಿಲ್ಲುತ್ತಾಳೆ. ಗಂಡನ ಕಡೆಯವರು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಅವಳು ಒಬ್ಬೊಬ್ಬರನ್ನೂ ನಂಟಿನ ಹೆಸರಿನಿಂದ ಕರೆಯಬೇಕು. ನೋಡಲು ಬಂದ ಪರವೂರಿನವರೂ ಆ ಸಾಲಿನಲ್ಲಿ ಸೇರಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ. ನಿಮ್ಮ ಸರದಿ ಬಂದಾಗ ಆ ಹುಡುಗಿ ಕ್ಷಣಕಾಲ ನಿಮ್ಮ ಮುಖ ನೋಡಿ, ನಾಚುತ್ತ, ಚಿಕ್ಕಪ್ಪನೆಂದೋ ಸೋದರತ್ತೆಯೆಂದೋ ಏನಾದರೊಂದು ಹೇಳುತ್ತಾಳೆ. ಆಚೆ ಬದಿಯಲ್ಲಿ ನಿಂತ ಹೆಂಗಸರು ನಗುತ್ತ ನಿಮ್ಮ ಕೈಗೆ ಒಂದು ಲೋಟ ನೀರು ಕೊಡುತ್ತಾರೆ.